ಕೊಕ್ಕೆಯಿಂದ ಇಳಿದ ಕಪ್

ಟ್ರೆಸಾಗೆ ಸಿಟ್ಟು ಬಂದಾಗ ಎರಡು ನಿಮಿಷ ಯಾರೂ ಎದುರಿಗೆ ನಿಲ್ಲಬಾರದು. ಇದು ಸತ್ತುಹೋದ ತಾಯಿಗೆ ಗೊತ್ತಿತ್ತು, ಬಿಟ್ಟುಹೋದ ಗಂಡನಿಗೆ ಗೊತ್ತಿತ್ತು, ಹದಿನೇಳು ವರ್ಷದ ಮಗಳು ಮಾರ್ನಿಗಂತೂ ಹುಟ್ಟಿದಾಗಿನಿಂದ ಗೊತ್ತು. ಊರಿನ ಡೈನರಿನಲ್ಲಿ ತಿಂಡಿಗೆ ಕೂತವರಿಗೆ ಅದು ಗೊತ್ತಾದದ್ದು ಸೆಪ್ಟೆಂಬರಿನ ಒಂದು ಬೆಳಗ್ಗೆ, ಆರೂವರೆಗೆ.

ಅವಳು ಬಾಗಿಲು ತಳ್ಳಿದ ರಭಸಕ್ಕೆ ಮೇಲೆ ಕಟ್ಟಿದ್ದ ಗಂಟೆ ಕೊಕ್ಕೆ ಬಿಟ್ಟು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲೂ ಇಲ್ಲ.

"ಫೇ, ಅಪ್ಪ ಇವತ್ತು ಬರಲ್ಲ. ನಾಳೆನೂ ಬರಲ್ಲ. ಬಂದ್ರೂ ನೀವು ಅವನಿಗೆ ಏನೂ ಕೊಡಕೂಡದು."

ಫೇ ಕೈಯಲ್ಲಿ ಕಾಫಿಯ ಜಾಡಿ ಹಿಡಿದು ನಿಂತಿದ್ದಳು. ಮೂವತ್ತೊಂದು ವರ್ಷದಿಂದ ಅದೇ ಡೈನರಿನಲ್ಲಿ ತಟ್ಟೆ ಇಡುತ್ತ, ತಟ್ಟೆ ಎತ್ತುತ್ತ ಬಂದವಳು. ಗಿರಾಕಿಗಳ ಸಿಟ್ಟು ಅವಳಿಗೆ ಹೊಸದಲ್ಲ.

"ಮೊದಲು ಕೂತ್ಕೋ ಚಿನ್ನ. ಒಂದು ಕಾಫಿ ಕುಡಿ."

"ಕಾಫಿಗೆ ಬಂದಿಲ್ಲ ನಾನು. ಅವನ ಕಾಲು ನೋಡಿದೀರಾ? ಊದಿ ಕುಂಬಳಕಾಯಿ ಆಗಿದೆ. ಬೆಳಗ್ಗೆ ಬೂಟು ಹತ್ತಲಿಲ್ಲ, ಹಾಸಿಗೆ ಮೇಲೆ ಕೂತು ಏದುಸಿರು ಬಿಡ್ತಾ ಇದಾನೆ. ಉಪ್ಪು ಮುಟ್ಟಬಾರದು ಅಂತ ಡಾಕ್ಟರು ಬರೆದು ಕೊಟ್ಟಿದಾರೆ. ನಾನು ಉಪ್ಪಿಲ್ಲದೆ ಗಂಜಿ ಕಾಯಿಸಿ ಇಡ್ತೀನಿ. ಅದನ್ನ ತಳ್ಳಿ ಇಲ್ಲಿಗೆ ಬರ್ತಾನೆ. ನಿಮ್ಮ ಬೇಕನ್, ಆ ಉಪ್ಪಿನ ಹಂದಿಮಾಂಸ, ನಿಮ್ಮ ಹುರಿದ ಆಲೂಗಡ್ಡೆ, ನಿಮ್ಮ ಬೆಣ್ಣೆ."

ಕಿಟಕಿ ಪಕ್ಕದ ದುಂಡು ಮೇಜಿನಲ್ಲಿ ನಾಲ್ಕು ಜನ ಮುದುಕರು ಕೂತಿದ್ದರು. ಊರಲ್ಲಿ ಅದಕ್ಕೆ ಸುಳ್ಳರ ಮೇಜು ಎಂದೇ ಹೆಸರು. ಹಿಡಿದ ಮೀನಿನ ಉದ್ದ, ಬೆಳೆದ ಜೋಳದ ಎತ್ತರ, ಎಪ್ಪತ್ತೈದರಲ್ಲಿ ಬಿದ್ದ ಹಿಮದ ಆಳ, ಯಾವುದನ್ನೂ ಅಲ್ಲಿ ಯಾರೂ ಇದ್ದ ಹಾಗೆ ಹೇಳಿದ್ದಿಲ್ಲ. ಐದನೆಯ ಕುರ್ಚಿ ಟ್ರೆಸಾಳ ತಂದೆ ಡೆಲ್ಮರನದು. ಅದು ಖಾಲಿ ಇತ್ತು.

ಅವರಲ್ಲಿ ಉದ್ದನೆಯವನಾದ ಆರ್ವಿಡ್ ಕಿಟಕಿಯಾಚೆ ನೋಡುತ್ತ, "ಬೆಳಗ್ಗೆ ಬೆಳಗ್ಗೆ ಗುಡುಗ್ತಾ ಇದೆ. ಮಳೆನಾದ್ರೂ ಬರುತ್ತೋ, ಬರೀ ಸದ್ದೋ" ಎಂದ.

"ನಗಾಡಿ. ನೀವು ನಾಲ್ಕು ಜನ ಸೇರಿ ಅವನಿಗೆ ತಿನ್ನಿಸಿ ತಿನ್ನಿಸಿ ಕೊಲ್ತಾ ಇದೀರಿ."

ಆರ್ವಿಡ್ ತಲೆ ತಗ್ಗಿಸಿದ. ಫೇ ಜಾಡಿಯನ್ನು ಒಲೆಯ ಮೇಲಿಟ್ಟು ಟ್ರೆಸಾಳ ಮೊಣಕೈ ಹಿಡಿದಳು. "ಒಂದು ನಿಮಿಷ ಹಿಂದೆ ಬಾ, ಅಡುಗೆಮನೆಗೆ. ಒಂದು ಮಾತಿದೆ."

"ಇದ್ರೆ ಇಲ್ಲೇ ಹೇಳಿ. ಕದ್ದು ಮುಚ್ಚಿ ಮಾತಾಡೋದು ನನಗೆ ಗೊತ್ತಿಲ್ಲ."

ಫೇ ಸುಳ್ಳರ ಮೇಜಿನ ಕಡೆ ನೋಡಿದಳು. ನಾಲ್ಕೂ ಜನ ಕಿವಿ ಕೊಟ್ಟು ಕೂತಿದ್ದರು. "ಒಂದೇ ನಿಮಿಷ, ಟ್ರೆಸಾ."

"ಬೇಡ. ಅವನ ಕಪ್ ಕೊಡಿ."

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಒಂದು ಹಲಗೆ. ಹಲಗೆ ತುಂಬ ಕೊಕ್ಕೆಗಳು, ಕೊಕ್ಕೆಗೊಂದು ಕಪ್, ದಿನವೂ ಬರುವವರದು. ಡೆಲ್ಮರನದು ದಪ್ಪ ಬಿಳಿ ಕಪ್, ಅದರ ಮೇಲೆ ಕೆಂಪು ಉಗುರು ಬಣ್ಣದಲ್ಲಿ ಫೇ ಯಾವಾಗಲೋ ಬರೆದ 'ಡೆಲ್'. ಆ ಕಪ್ ಅಲ್ಲಿ ತೂಗುತ್ತಿರುವ ತನಕ ಮುದುಕನ ಕಾಲು ಈ ಕಡೆಗೇ ಎಳೆಯುತ್ತದೆ ಎಂಬುದು ಟ್ರೆಸಾಳ ಲೆಕ್ಕ.

"ಕಪ್ ಬೇಡ ಕಣಮ್ಮ. ತಿನ್ನೋಕೆ ಕೊಡಬೇಡ ಅಂದ್ರೆ ಕೊಡಲ್ಲ, ಮಾತು ಕೊಡ್ತೀನಿ. ಕಪ್ ಅಲ್ಲೇ ಇರ್ಲಿ."

"ನಮ್ಮಪ್ಪಂದು ಅದು. ಕೊಡಿ."

ಫೇ ಬಹಳ ನಿಧಾನವಾಗಿ ಕಪ್ಪನ್ನು ಇಳಿಸಿದಳು. ಒಣಗಿಯೇ ಇದ್ದುದನ್ನು ಮತ್ತೊಮ್ಮೆ ಏಪ್ರನ್ನಿನಲ್ಲಿ ಒರೆಸಿದಳು. ಕಪ್ ಕೊಕ್ಕೆ ಬಿಟ್ಟ ಕೂಡಲೇ ಸುಳ್ಳರ ಮೇಜಿನ ನಾಲ್ಕೂ ಜನ ತಲೆಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅಲ್ಲಿ ಯಾರೂ ಟೋಪಿ ತೆಗೆದು ತಿಂದವರಲ್ಲ.

ತನ್ನನ್ನು ಅಣಕಿಸುತ್ತಿದ್ದಾರೆ ಎಂದುಕೊಂಡಳು ಟ್ರೆಸಾ.

"ಸಾಕು ನಾಟಕ" ಎಂದು ಹೇಳಿ ಕಪ್ ಹಿಡಿದು ಹೊರಟುಬಂದಳು.

*

ಡೆಲ್ಮರ್ ಮೂವತ್ನಾಲ್ಕು ವರ್ಷ ಜಿಲ್ಲೆಯ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸಿದವನು. ನೆಬ್ರಾಸ್ಕಾದ ಚಳಿಗಾಲದಲ್ಲಿ ಶಾಲೆಯ ಬಸ್ಸಿಗಿಂತ ಮೊದಲು, ಹಾಲಿನ ಲಾರಿಗಿಂತ ಮೊದಲು ರಸ್ತೆಗಿಳಿಯುತ್ತಿದ್ದವನು ಅವನೊಬ್ಬ. ಡೈನರಿನ ಮುಂದಿನ ಅಂಗಳದ ಹಿಮವನ್ನೂ ಸಂಬಳಕ್ಕೆ ಸೇರದ ಕೆಲಸವಾಗಿ ತಳ್ಳಿ ಒಳಗೆ ಬಂದರೆ ಫೇ ದೀಪ ಹಾಕಿರುತ್ತಿದ್ದಳು. ಹಾಗೆ ಶುರುವಾದ ಅಭ್ಯಾಸ ಅದು. ಕೆಲಸ ಬಿಟ್ಟ ಮೇಲೂ ಬಿಡಲಿಲ್ಲ, ಹೆಂಡತಿ ಲೊರೀನ್ ಎರಡು ವರ್ಷದ ಹಿಂದೆ ತೀರಿಹೋದ ಮೇಲಂತೂ ಅದೊಂದೇ ಉಳಿದಿತ್ತು.

ಆಗಸ್ಟಿನಲ್ಲಿ ಅವನು ಅಂಗಳದಲ್ಲಿ ಬಿದ್ದ. ಎರಡನೆಯ ಸಲದ ಹೃದಯದ ತೊಂದರೆ. ಒಮಾಹಾ ನಗರದ ಶಾಲೆಯೊಂದರ ಅಡುಗೆಮನೆಯಲ್ಲಿದ್ದ ಟ್ರೆಸಾ ಕೆಲಸ ಬಿಟ್ಟು ಮಗಳನ್ನು ಕರೆದುಕೊಂಡು ಬಂದಳು. ಹತ್ತೊಂಬತ್ತಕ್ಕೆ ಊರು ಬಿಟ್ಟವಳು, ಮೂವತ್ತು ವರ್ಷದ ಮೇಲೆ ಅಪ್ಪನ ಒಲೆ ಮುಂದೆ ನಿಂತಳು. ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸಿ ಹಾಕಿದ ಕೈ. ಒಬ್ಬ ಮುದುಕ ಯಾವ ಲೆಕ್ಕ?

ಆ ದಿನ ಡೆಲ್ಮರ್ ಗೋಡೆ ಹಿಡಿದು ಅಡುಗೆಮನೆಗೆ ಬಂದಾಗ ಕಪ್ ಸಿಂಕಿನ ಪಕ್ಕದಲ್ಲಿತ್ತು. ಬಾಗಿಲಲ್ಲೇ ನಿಂತ.

"ಯಾರು ಸತ್ರು?"

"ಯಾರೂ ಸತ್ತಿಲ್ಲ. ನಾನು ತಂದೆ. ಇನ್ಮೇಲೆ ನೀನು ಅಲ್ಲಿಗೆ ಹೋಗೋ ಹಾಗಿಲ್ಲ. ಕಾಫಿ ಬೇಕಾ, ಇಲ್ಲೇ ಅದರಲ್ಲೇ ಕೊಡ್ತೀನಿ."

ಅವನು ಕುರ್ಚಿ ಎಳೆದು ಕೂತ. ಕಪ್ಪನ್ನು ಮುಟ್ಟಲಿಲ್ಲ.

"ಅವರು ಟೋಪಿ ತೆಗೆದ್ರಾ?"

ಟ್ರೆಸಾ ಗಂಜಿ ತಿರುವುತ್ತಲೇ ಇದ್ದಳು.

"ತೆಗೆದ್ರಲ್ವಾ."

"ತೆಗೆದ್ರು. ಅದಕ್ಕೇನೀಗ?"

"ಆ ಹಲಗೆಯಿಂದ ಹನ್ನೊಂದು ಕಪ್ ಇಳಿದದ್ದು ನೋಡಿದೀನಿ ನಾನು. ಮಣ್ಣು ಮಾಡಿದ ಮಾರನೇ ದಿನ ಹೆಂಡತಿನೋ ಮಗನೋ ಬಂದು ತಗೊಂಡು ಹೋಗ್ತಾರೆ. ನಾವು ಟೋಪಿ ತೆಗೀತೀವಿ. ಬೇರೆ ಹೇಗೂ ಅದು ಇಳಿಯಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. "ಬದುಕಿರೋನ ಕಪ್ ಇಳಿದದ್ದು ಇದೇ ಮೊದಲು."

ಕೈಯಲ್ಲಿದ್ದ ಸೌಟು ಒಂದು ಗಳಿಗೆ ನಿಂತಿತು. ಆದರೆ ಟ್ರೆಸಾಗೆ ತಪ್ಪು ಮಾಡಿದೆ ಅನ್ನಿಸಿದಾಗಲೇ ದನಿ ಇನ್ನಷ್ಟು ಏರುವುದು.

"ನನಗೇನು ಗೊತ್ತು ನಿಮ್ಮ ಶಾಸ್ತ್ರ? ಒಂದು ಕಪ್ಪಿಗೆ ಇಷ್ಟೊಂದು ರಾಮಾಯಣ. ಬದುಕಿರಲಿ ಅಂತ ತಾನೆ ಇಷ್ಟೆಲ್ಲ ಮಾಡ್ತಿರೋದು. ತಿನ್ನು ಇದನ್ನ."

ಡೆಲ್ಮರ್ ಜೇಬಿಗೆ ಕೈ ಹಾಕಿ ಟ್ರಕ್ಕಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ. "ಇದನ್ನೂ ಇಟ್ಕೋ." ಆಮೇಲೆ ಗಂಜಿಯ ಬಟ್ಟಲು ಹತ್ತಿರ ಎಳೆದುಕೊಂಡು ತಳ ಕಾಣುವ ತನಕ ತಿಂದ. ಮೂರು ವಾರದಲ್ಲಿ ಅವನು ಬಟ್ಟಲು ಖಾಲಿ ಮಾಡಿದ್ದು ಅದೇ ಮೊದಲು. ಗೆದ್ದೆ ಎಂದುಕೊಂಡಳು ಟ್ರೆಸಾ.

*

ಅಕ್ಟೋಬರ್ ಪೂರ್ತಿ ಹಾಗೆಯೇ ಹೋಯಿತು. ಬೆಳಗ್ಗೆ ಗಂಜಿ, ಮಧ್ಯಾಹ್ನ ಬೇಯಿಸಿದ ಕೋಳಿ, ಸಂಜೆ ಬೀನ್ಸು ಮತ್ತು ಉಪ್ಪಿಲ್ಲದ ಬ್ರೆಡ್ಡು. ಡೆಲ್ಮರ್ ಯಾವುದಕ್ಕೂ ಸೊಲ್ಲೆತ್ತಲಿಲ್ಲ. ಉಪ್ಪಿಲ್ಲ ಎಂದು ಒಂದು ದಿನವೂ ಗೊಣಗಲಿಲ್ಲ. ತನ್ನ ಮೇಲಿನ ಹಟಕ್ಕೆ ಬಾಯಿ ಬಿಡುತ್ತಿಲ್ಲ ಎಂದು ಅವಳಿಗೆ ಅನ್ನಿಸಿ ಮತ್ತೂ ಉರಿಯುತ್ತಿತ್ತು.

"ಹೇಗಿದೆ ಕೋಳಿ?"

"ಇದೆ."

"ಇದೆ ಅಂದ್ರೆ?"

"ತಟ್ಟೆಯಲ್ಲಿ ಇದೆ."

ಮಾರ್ನಿ ಕಿಸಕ್ಕನೆ ನಕ್ಕರೆ ಅವಳ ಮೇಲೂ ಹರಿಹಾಯುತ್ತಿದ್ದಳು.

ಮಾರ್ನಿ ಶಾಲೆಯ ಬಸ್ಸಿಗೆ ಬೇಗ ಏಳುವವಳು. ಒಂದು ಸಂಜೆ ತಟ್ಟೆ ತೊಳೆಯುತ್ತ ಹೇಳಿದಳು. "ಅಮ್ಮ, ಅಜ್ಜ ದಿನಾ ಆರು ಗಂಟೆಗೆ ಎದ್ದು ಬೂಟು ಹಾಕ್ಕೊಂಡು, ಟೋಪಿ ಹಾಕ್ಕೊಂಡು ಮುಂದಿನ ಕಿಟಕಿ ಹತ್ತಿರ ಕೂತಿರ್ತಾರೆ. ಏಳೂವರೆಗೆ ಟೋಪಿ ತೆಗೆದು ಒಳಗೆ ಬರ್ತಾರೆ. ನಿನಗೆ ಗೊತ್ತಾ?"

"ಕೂತ್ರೆ ಕೂರಲಿ. ಕೂತ್ರೆ ಹೃದಯಕ್ಕೆ ಒಳ್ಳೇದು."

"ಯಾರ ಜೊತೆನೂ ಮಾತಿಲ್ಲ ಅಮ್ಮ. ಬೆಕ್ಕಿನ ಜೊತೆ ಬಿಟ್ಟು."

"ನಾನು ಸತ್ತಿದೀನಾ? ನನ್ನ ಜೊತೆ ಮಾತಾಡಲಿ."

"ನಿನ್ನ ಜೊತೆ ಯಾರಿಗೆ ಮಾತಾಡೋದಕ್ಕಾಗುತ್ತೆ? ನೀನೇ ಮಾತಾಡ್ತಿರ್ತೀಯ."

ಟ್ರೆಸಾ ಒದ್ದೆ ಬಟ್ಟೆಯನ್ನು ಮಗಳ ಕಡೆಗೆ ಎಸೆದಳು. ಮಾರ್ನಿ ಅದನ್ನು ಹಿಡಿದು, ಮಡಚಿ, ಕಂಬಿಗೆ ಹಾಕಿ ಮೇಲಕ್ಕೆ ಹೋದಳು.

ಆ ತಿಂಗಳು ಫೇ ಎರಡು ಸಲ ಫೋನು ಮಾಡಿದಳು. "ಟ್ರೆಸಾ, ನಾನು ಫೇ, ಸ್ವಲ್ಪ..." ಅನ್ನುವಷ್ಟರಲ್ಲಿ ಟ್ರೆಸಾ ಇಟ್ಟುಬಿಟ್ಟಳು. ಎರಡನೆಯ ಸಲ ಹೆಸರು ಹೇಳುವುದಕ್ಕೂ ಬಿಡಲಿಲ್ಲ. ಒಂದು ಶುಕ್ರವಾರ ಬಾಗಿಲ ಮೆಟ್ಟಿಲ ಮೇಲೆ ಡೈನರಿನ ರಟ್ಟಿನ ಡಬ್ಬಿ ಇತ್ತು. ಹಿಡಿದರೆ ಬೆಚ್ಚಗಿತ್ತು, ಸೇಬು ತುಂಬಿ ಸುಟ್ಟ ಪೈಯ ವಾಸನೆ. ಬೆಣ್ಣೆ, ಸಕ್ಕರೆ, ಉಪ್ಪು. ಮುಚ್ಚಳ ಕೂಡ ತೆಗೆಯದೆ ಹೊರಗಿನ ಕಸದ ತೊಟ್ಟಿಗೆ ಎತ್ತಿ ಹಾಕಿದಳು.

"ಅಯ್ಯೋ, ನಾನಾದ್ರೂ ತಿಂತಿದ್ದೆ" ಎಂದಳು ಮಾರ್ನಿ.

"ಅವಳ ಕೈಯದ್ದು ಈ ಮನೆ ಒಳಗೆ ಬರಕೂಡದು."

ತಿಂಗಳ ಕೊನೆಗೆ ಡಾಕ್ಟರ ಹತ್ತಿರ ಹೋದರು. ನರ್ಸು ರಕ್ತ ಪರೀಕ್ಷೆಯ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಇವರು ಮೊದಲಿಂದಲೂ ಪಥ್ಯದಲ್ಲೇ ಇದ್ರಾ? ಹೆಚ್ಚು ವ್ಯತ್ಯಾಸ ಕಾಣಲ್ಲ" ಎಂದಳು.

ಟ್ರೆಸಾ ನಕ್ಕಳು. "ಪಥ್ಯವಾ? ದಿನಾ ಡೈನರಿನಲ್ಲಿ ಕೂತು ತಿಂದ ಮನುಷ್ಯ."

ಡಾಕ್ಟರು ಮಾತ್ರ ನಗಲಿಲ್ಲ. ಹೃದಯ ದಣಿದುಹೋಗಿದೆ, ಅದಕ್ಕೆ ಊಟದಿಂದ ಮಾಡುವುದು ಬಹಳವೇನೂ ಉಳಿದಿಲ್ಲ ಎಂದರು. ಖುಷಿಯಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ಟ್ರೆಸಾಗೆ ತಿಳಿಯದೆ ಇರಲಿಲ್ಲ. ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಿದಳು. ಡೆಲ್ಮರ್ ಕಿಟಕಿಯಾಚೆ ಕಟಾವಾದ ಜೋಳದ ಹೊಲ ನೋಡುತ್ತ ಕೂತಿದ್ದ. ಡೈನರಿನ ಮುಂದೆ ಹಾದುಹೋಗುವಾಗ ಅವನು ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡ.

*

ಭಾನುವಾರದ ಊಟಕ್ಕೆ ಟ್ರೆಸಾಳ ತಮ್ಮ ಗೇಲ್ ಬರುತ್ತಿದ್ದ. ಊರಾಚೆ ಮೂರು ಮೈಲಿಯಲ್ಲಿ ಒಂಟಿಯಾಗಿದ್ದು ಧಾನ್ಯದ ಲಾರಿ ಓಡಿಸುವವನು. ಬಾಯಿ ತೆರೆದರೆ ಊರ ಸುದ್ದಿ, ಕೆಲಸ ಹೇಳಿದರೆ ಬೆನ್ನು ನೋವು. ಅವನು ತಟ್ಟೆಯ ಕೋಳಿಯನ್ನು ಮುಳ್ಳುಚಮಚದಲ್ಲಿ ತಿರುಗಿಸಿ ತಿರುಗಿಸಿ ನೋಡಿದ.

"ಅಕ್ಕ, ಇದು ಕೋಳಿನೇ ಸರಿಯಾ?"

"ಬೇಡದಿದ್ರೆ ಎದ್ದು ಹೋಗು. ಅಪ್ಪನ್ನ ನೋಡ್ಕೊಳ್ಳೋಕೆ ಮೂರು ಮೈಲಿ ಬರಲಾರದವನು, ರುಚಿ ಹೇಳೋಕೆ ಬಂದ."

"ನಾನು ಏನಂದೆ ಈಗ?"

"ಅಮ್ಮ," ಎಂದಳು ಮಾರ್ನಿ, ಚಮಚ ಕೆಳಗಿಟ್ಟು. "ಅಜ್ಜನ್ನ ಡೈನರಿಗೆ ಕರ್ಕೊಂಡು ಹೋಗು. ಒಂದು ಸಲ. ಕಪ್ಪನ್ನ ನೀನೇ ವಾಪಸ್ ಹಾಕು."

ಟ್ರೆಸಾ ತಟ್ಟೆಯನ್ನೇ ನೋಡಿದಳು. ಡಾಕ್ಟರ ಮಾತು ಮೂರು ದಿನದಿಂದ ತಲೆಯಲ್ಲಿ ಸುತ್ತುತ್ತಿತ್ತು. ಕೊನೆಗೆ, "ಹೋಗೋಣ್ವಾ ಅಪ್ಪ?" ಎಂದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ಗೇಲ್ ಹಿಂದೆ ಕೇಳಿರಲಿಲ್ಲ.

ಡೆಲ್ಮರ್ ತಲೆಯಾಡಿಸಿದ. "ಇಲ್ಲ."

"ನಾನು ಫೇಗೆ ಹೇಳ್ತೀನಿ. ತಪ್ಪಾಯ್ತು ಅಂತ ಎಲ್ಲರ ಮುಂದೆ ಹೇಳ್ತೀನಿ."

"ಟೋಪಿ ತೆಗೆದಾಗಿದೆ, ಟ್ರೆಸಾ. ಅವರಿಗೆ ನನ್ನ ಮುಖ ನೋಡೋಕೆ ಮುಜುಗರ, ನನಗೆ ಅವರದ್ದು. ಸತ್ತವನು ವಾಪಸ್ ಬಂದು ಕೂತ್ರೆ ಯಾರು ಮೀನಿನ ಸುಳ್ಳು ಹೇಳ್ತಾರೆ?"

ಗೇಲ್ ಬಾಯಿ ಹಾಕಿದ. "ಕೊಕ್ಕೆ ಇನ್ನೂ ಖಾಲಿನೇ ಇದೆ ಅಪ್ಪ. ಫೇ ಯಾರಿಗೂ ಕೊಟ್ಟಿಲ್ಲ. ನಾನು ನೋಡಿದೆ."

ಮುದುಕ ಮಗನ ತಟ್ಟೆಯನ್ನು ಅವನ ಹತ್ತಿರಕ್ಕೆ ತಳ್ಳಿದ. "ಕೋಳಿ ತಿನ್ನು" ಎಂದ.

*

ಅಲ್ಲಿ ಬೇಡವಾದರೆ ಬೇರೆ ಕಡೆ ಎಂದು ಟ್ರೆಸಾ ಹಟ ಹಿಡಿದಳು. ಇಪ್ಪತ್ತು ಮೈಲಿಯಾಚೆ ಹೆದ್ದಾರಿಯ ಪಕ್ಕ ಇನ್ನೊಂದು ಡೈನರ್ ಇತ್ತು. ನವೆಂಬರಿನ ಒಂದು ಶನಿವಾರ ಬೆಳಗ್ಗೆ ಅಪ್ಪನಿಗೆ ಒಗೆದ ಅಂಗಿ ಹಾಕಿಸಿ, ಮಾರ್ನಿಯನ್ನೂ ಹತ್ತಿಸಿಕೊಂಡು ಹೊರಟಳು. ಅವನು ಬೇಡ ಅನ್ನಲಿಲ್ಲ. ದಾರಿಯಲ್ಲಿ ಒಂದು ಸೇತುವೆ ತೋರಿಸಿ, ಅಲ್ಲಿ ತಾನು ಹಿಮದಲ್ಲಿ ಸಿಕ್ಕಿಕೊಂಡ ಬಸ್ಸು ಎಳೆದದ್ದನ್ನು ಮೊಮ್ಮಗಳಿಗೆ ಹೇಳಿದ. ಬಸ್ಸಿನಲ್ಲಿ ಮೊದಲು ಮೂವತ್ತು ಮಕ್ಕಳಿದ್ದರು, ಮೈಲಿ ಮುಗಿಯುವಷ್ಟರಲ್ಲಿ ಐವತ್ತಾದರು. ಮಾರ್ನಿ ನಕ್ಕಳು. ಟ್ರೆಸಾಳ ಎದೆ ಸ್ವಲ್ಪ ಹಗುರಾಯಿತು.

ಅದೇ ಥರದ ಕೆಂಪು ಸೀಟು, ಅದೇ ಥರದ ಕರಿದ ವಾಸನೆ, ಗಾಜಿನ ಕಪಾಟಿನಲ್ಲಿ ಪೈ. ಇಪ್ಪತ್ತು ಇಪ್ಪತ್ತೆರಡರ ಹುಡುಗಿಯೊಬ್ಬಳು ಚೀಟಿಪುಸ್ತಕ ಹಿಡಿದು ಬಂದಳು. ಮಾರ್ನಿ ಪ್ಯಾನ್‌ಕೇಕ್ ಹೇಳಿದಳು. ಟ್ರೆಸಾ, "ಇವತ್ತು ಒಂದು ದಿನ ನಿನಗೆ ಬೇಕಾದ್ದು ತಿನ್ನು ಅಪ್ಪ. ನಾನು ಏನೂ ಅನ್ನಲ್ಲ" ಎಂದಳು.

"ಮೊಟ್ಟೆ" ಎಂದ ಡೆಲ್ಮರ್.

"ಹೇಗೆ ಮಾಡ್ಲಿ ಸರ್?"

ಅವನು ಹುಡುಗಿಯ ಮುಖ ನೋಡಿದ. "ಹೇಗೆ ಅಂದ್ರೆ?"

"ಮಗುಚಿ ಹಾಕಿದ್ದಾ, ಮಗುಚದೆ ಇರೋದಾ, ಕದಡಿದ್ದಾ?"

ಡೆಲ್ಮರ್ ಟ್ರೆಸಾಳ ಕಡೆ ನೋಡಿದ. ಟ್ರೆಸಾಗೂ ಗೊತ್ತಿರಲಿಲ್ಲ. ಅಪ್ಪ ಮೊಟ್ಟೆ ತಿನ್ನುವುದನ್ನು ಅವಳು ಕೊನೆಯ ಸಲ ಸರಿಯಾಗಿ ನೋಡಿದ್ದು ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ.

"ಅದು... ಅವಳು ತಂದಿಡ್ತಾಳೆ. ನಾನು ಹೇಳೋದಿಲ್ಲ. ಹೋಗಿ ಕೂತ್ರೆ ಬರುತ್ತೆ" ಎಂದ. ಹುಡುಗಿ ಪೆನ್ಸಿಲ್ ಹಿಡಿದು ನಿಂತೇ ಇದ್ದಳು. ಪಾಪ, ಅವಸರ ಮಾಡಲಿಲ್ಲ. "ಹಳದಿ ಮೇಲೆ ತೆಳ್ಳಗೆ ಬಿಳಿ ಕವಿದಿರುತ್ತೆ. ಬೆಳಗಿನ ಹೊತ್ತು ಕಿಟಕಿ ಗಾಜಿಗೆ ಮಂಜು ಹತ್ತುತ್ತಲ್ಲ, ಹಾಗೆ. ಆದ್ರೆ ಮಗುಚಿರಲ್ಲ."

"ಸ್ವಲ್ಪ ಮಗುಚಿ ತರ್ಲಾ ಸರ್?"

"ಮಗುಚಿರಲ್ಲಮ್ಮ" ಎಂದ ಅವನು. ಅದೇ ಮಾತನ್ನು ಮತ್ತೆ ಹೇಳಿದ. ಆಮೇಲೆ ದಣಿದವನಂತೆ, "ನಿನಗೆ ಯಾವುದು ಸುಲಭವೋ ಅದನ್ನ ತಾ" ಎಂದುಬಿಟ್ಟ.

ಬಂದದ್ದು ಮಗುಚಿದ ಮೊಟ್ಟೆ, ಬೆಣ್ಣೆಯಲ್ಲಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಬೇಕನ್. ಡೆಲ್ಮರ್ ಒಂದು ತುಂಡು ಬಾಯಿಗಿಟ್ಟ. ಹುಬ್ಬು ಗಂಟಿಕ್ಕಿತು. ನೀರು ಕುಡಿದ. ತಟ್ಟೆಯನ್ನು ಮೆಲ್ಲಗೆ ದೂರ ತಳ್ಳಿದ.

"ಏನಾಯ್ತು?"

"ಉಪ್ಪು ಜಾಸ್ತಿ."

ಟ್ರೆಸಾ ಚಮಚ ಕುಕ್ಕಿದಳು. "ಇದಪ್ಪ ಮಾತು ಅಂದ್ರೆ. ಎರಡು ತಿಂಗಳು ಉಪ್ಪಿಲ್ಲ ಅಂತ ಮುಖ ಊದಿಸ್ಕೊಂಡಿದ್ದೆ. ಇಪ್ಪತ್ತು ಮೈಲಿ ಕರ್ಕೊಂಡು ಬಂದ್ರೆ ಉಪ್ಪು ಜಾಸ್ತಿ. ನಿನಗೆ ಏನು ಬೇಕು ಹೇಳು ಅಪ್ಪ, ನಿಜವಾಗಿ ಏನು ಬೇಕು?"

"ನಾನು ಯಾವತ್ತು ಉಪ್ಪು ಕೇಳಿದೆ?"

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಮಾರ್ನಿ ಮೇಜಿನ ಕೆಳಗೆ ಅಮ್ಮನ ಕಾಲು ಒದ್ದಳು. ಡೆಲ್ಮರ್ ಟೋಪಿ ಸರಿಮಾಡಿಕೊಂಡು ಎದ್ದು, ಸೀಟಿನ ಅಂಚು ಹಿಡಿದು ಹಿಡಿದು ಬಾಗಿಲ ತನಕ ನಡೆದ. ಟ್ರಕ್ಕಿನಲ್ಲಿ ಕೂತು ಎದುರಿಗೆ ನೋಡುತ್ತಿದ್ದ.

ವಾಪಸ್ ಬರುವಾಗ ಅದೇ ಸೇತುವೆ ಬಂತು. ಬಸ್ಸಿನ ಕತೆ ಬರಲಿಲ್ಲ.

*

ಡಿಸೆಂಬರಿನ ಮೊದಲ ವಾರ, ಆ ಚಳಿಗಾಲದ ಮೊದಲ ಹಿಮ ಬಿದ್ದ ಬೆಳಗ್ಗೆ, ಮಾರ್ನಿ ಬಸ್ಸಿಗೆ ಹೊರಡುವಾಗ ಅಜ್ಜನಿಗೆ ಹೇಳಿ ಹೋಗೋಣವೆಂದು ಮುಂದಿನ ಕೋಣೆಗೆ ಹೋದಳು. ಅವನು ಬೂಟು ಹಾಕಿ, ಟೋಪಿ ಹಾಕಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. ಬೆಕ್ಕು ತೊಡೆಯ ಮೇಲಿತ್ತು. ಅವಳು ಎರಡು ಸಲ ಕರೆದಳು. ಆಮೇಲೆ ಅಮ್ಮನನ್ನು ಕೂಗಿದಳು.

ಟ್ರೆಸಾ ಸೌಟು ಹಿಡಿದುಕೊಂಡೇ ಬಂದಳು. ಒಲೆಯ ಮೇಲೆ ಗಂಜಿ ಹತ್ತಿ ಮನೆಯೆಲ್ಲ ಹೊಗೆಯಾದದ್ದು ಆಮೇಲೆ ಗೇಲ್ ಬಂದು ಆರಿಸಿದಾಗಲೇ ಗೊತ್ತಾದದ್ದು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಊರಿನ ಹೆಂಗಸರು ಹ್ಯಾಮು, ಚೀಸ್ ಹಾಕಿದ ಆಲೂಗಡ್ಡೆ, ಬಣ್ಣದ ಜೆಲ್ಲಿ ತಂದಿದ್ದರು. ಸುಳ್ಳರ ಮೇಜಿನ ನಾಲ್ಕೂ ಜನ ಒಂದೇ ಸಾಲಿನಲ್ಲಿ ಕೂತು ತಿಂದರು. ಕೈಯಲ್ಲಿದ್ದ ಟೋಪಿಗಳನ್ನು ಎಲ್ಲಿಡಬೇಕೋ ತಿಳಿಯದೆ ಮಂಡಿಯ ಮೇಲಿಟ್ಟುಕೊಂಡಿದ್ದರು. ಇವನಿಗೆ ಇನ್ನೊಮ್ಮೆ ತೆಗೆಯಬೇಕೇ, ಒಂದು ಸಲ ತೆಗೆದದ್ದೇ ಸಾಕೇ ಎಂದು ಅವರಿಗೂ ಗೊತ್ತಿರಲಿಲ್ಲ. ಫೇ ಹಿಂದಿನ ಬಾಗಿಲಿನಿಂದ ಬಂದು ಎರಡು ಪೈ ಇಟ್ಟು, ಟ್ರೆಸಾಳ ಕಡೆ ಒಮ್ಮೆ ನೋಡಿ ಹೊರಟುಹೋದಳು.

*

ವಾರ ಕಳೆಯಿತು. ಟ್ರೆಸಾ ಅಪ್ಪನ ಬಟ್ಟೆ ಮಡಚಿದಳು, ಔಷಧಿ ಎಸೆದಳು, ಹಾಸಿಗೆ ತೊಳೆದಳು. ಬೈಯಲು ಯಾರೂ ಸಿಗದೆ ಮನೆ ತಣ್ಣಗಾಗಿತ್ತು. ಎಂಟನೆಯ ದಿನ ಬೆಳಗ್ಗೆ ಕೋಟು ಹಾಕಿಕೊಂಡು ಡೈನರಿಗೆ ಹೋದಳು. ಈ ಸಲ ಬಾಗಿಲನ್ನು ಮೆಲ್ಲಗೆ ತಳ್ಳಿದಳು. ಗಂಟೆಯನ್ನು ಯಾರೋ ತಂತಿಯಿಂದ ಬಿಗಿದು ಕಟ್ಟಿದ್ದರು.

ಆರ್ವಿಡ್ ತಲೆ ಎತ್ತಿ, "ಬಾರಮ್ಮ" ಎಂದ. ಅವಳು ಸೀದಾ ಫೇಯ ಎದುರಿನ ಎತ್ತರದ ಸ್ಟೂಲಿನಲ್ಲಿ ಕೂತಳು.

"ಒಂದು ಕೇಳೋಕೆ ಬಂದೆ ಫೇ. ಅಪ್ಪನ ಮೊಟ್ಟೆಗೆ ಏನಂತಾರೆ? ಹೆದ್ದಾರಿ ಹತ್ತಿರದವಳು ಕೇಳಿದಳು. ಅವನಿಗೆ ಹೇಳೋಕೆ ಬರಲಿಲ್ಲ. ನನಗೂ ಬರಲಿಲ್ಲ."

ಫೇ ಕಾಫಿಯ ಜಾಡಿ ಕೆಳಗಿಟ್ಟಳು. "ಬಾ" ಎಂದು ಅಡುಗೆಮನೆಯ ಬಾಗಿಲು ತೆರೆದು ಹಿಡಿದಳು.

ಕಾವಲಿಯ ಮೇಲೆ ಹೊಗೆ ಹೋಗುವ ತಗಡಿಗೆ ಒಂದು ರಟ್ಟಿನ ಚೀಟಿಯನ್ನು ಅಯಸ್ಕಾಂತದಿಂದ ಅಂಟಿಸಿತ್ತು. ಜಿಡ್ಡು ಹಿಡಿದು ಕಂದಾಗಿತ್ತು. ಅಕ್ಷರ ನೋಡಿದ ಕೂಡಲೇ ಟ್ರೆಸಾಳ ಕೈ ಬಾಯಿಗೆ ಹೋಯಿತು. ಅಮ್ಮನ ಕೈಬರಹ.

'ಡೆಲ್‌ಗೆ ಉಪ್ಪು ಬೇಡ. ಬೆಣ್ಣೆ ಬೇಡ. ಒಂದು ಚಮಚ ನೀರು ಹಾಕಿ ಮುಚ್ಚಳ ಮುಚ್ಚು, ಹಳದಿ ಮೇಲೆ ಮಂಜು ಬಂದ ಹಾಗೆ ಆಗುತ್ತೆ, ಅಲ್ಲಿಗೆ ತೆಗಿ. ಆಲೂಗಡ್ಡೆಗೆ ಈರುಳ್ಳಿ ಜಾಸ್ತಿ ಹಾಕು, ಗೊತ್ತಾಗಲ್ಲ. ಬೇಕನ್ ಬದಲು ಟರ್ಕಿ ಕೋಳಿಯದು, ಚೆನ್ನಾಗಿ ಸೀಯಿಸು. ಕಾಫಿ ಕೆಫೀನ್ ತೆಗೆದದ್ದು, ಅವನ ಕಪ್ಪಿಗೆ ಮಾತ್ರ.'

"ಮೊದಲ ಸಲ ಹೃದಯದ ತೊಂದರೆ ಆಯ್ತಲ್ಲ, ಆವಾಗ ಲೊರೀನ್ ಬಂದಳು" ಎಂದಳು ಫೇ. "ಅವಳಿಗೂ ಆಗಲೇ ಕಾಯಿಲೆ. ನಾನು ಹೋದ ಮೇಲೆ ಇವನು ಊಟ ನೋಡ್ಕೊಳ್ಳಲ್ಲ, ಪಥ್ಯ ಅಂದ್ರೆ ಬಾಯಿಗೇ ಇಡಲ್ಲ, ಗೊತ್ತಾಗದ ಹಾಗೆ ಹಾಕು ಅಂದಳು. ಎರಡೂವರೆ ವರ್ಷ ಹಾಕಿದೆ. ಒಂದು ಸಲ, ಫೇ, ನಿನ್ನ ಕೈಯಲ್ಲಿ ರುಚಿ ಹೋಯ್ತು ಅಂದ. ನಿನ್ನ ನಾಲಗೆಗೆ ವಯಸ್ಸಾಯ್ತು ಮುದುಕಾ ಅಂದೆ. ಅಲ್ಲಿಗೆ ಮುಗೀತು."

"ಬೇಕನ್..."

"ಟರ್ಕಿ. ಆ ನಾಲ್ವರಿಗೆ ಗೊತ್ತಾಗಿದ್ರೆ ಅವನನ್ನ ಬದುಕೋಕೆ ಬಿಡ್ತಿದ್ರಾ? ಪಥ್ಯದ ಮಗು ಅಂತ ಹೆಸರಿಡ್ತಿದ್ರು. ಅವನು ಮತ್ತೆ ಈ ಕಡೆ ತಲೆ ಹಾಕ್ತಿರಲಿಲ್ಲ. ಅದಕ್ಕೇ ಅವರ ಮುಂದೆ ಹೇಳೋಕಾಗಲಿಲ್ಲ ಕಣೆ."

"ಗೇಲ್‌ಗಾದ್ರೂ..."

"ಗೇಲ್‌ಗೆ ಹೇಳಿದ್ರೆ ಮಧ್ಯಾಹ್ನದೊಳಗೆ ಡೆಲ್‌ಗೂ ಗೊತ್ತು, ದನಕ್ಕೂ ಗೊತ್ತು. ನಿನಗೆ ಬರೆದು ಕಳಿಸಿದ್ದೆನಲ್ಲ. ಪೈ ಕೆಳಗೆ ಇಟ್ಟಿದ್ದೆ."

ಚೀಟಿಯ ಕೆಳಭಾಗವನ್ನು ಅಯಸ್ಕಾಂತ ಮುಚ್ಚಿತ್ತು. ಟ್ರೆಸಾ ಅದನ್ನು ಬೆರಳಿನಿಂದ ಸರಿಸಿದಳು. ಅಲ್ಲಿ ಇನ್ನೊಂದು ಸಾಲಿತ್ತು.

'ಟ್ರೆಸಾಗೆ ಹೇಳಬೇಡ. ಒಳ್ಳೆ ಹುಡುಗಿ, ಆದರೆ ಅವಳ ಬಾಯಿ ನಿಲ್ಲೋದಿಲ್ಲ.'

ಅವಳು ಅದನ್ನು ಮೂರು ಸಲ ಓದಿದಳು. ಕಾವಲಿಯ ಮುಂದಿದ್ದ ಅಡುಗೆಯವನು ಮುಖ ತಿರುಗಿಸಿ ಕೆರೆದ ಕಾವಲಿಯನ್ನೇ ಕೆರೆಯುತ್ತ ನಿಂತ.

"ಆ ದಿನ ಹಿಂದೆ ಬಾ ಅಂದ್ರಿ" ಎಂದಳು ಕೊನೆಗೆ.

"ಹೂಂ."

"ಒಂದು ನಿಮಿಷ ಅಂದ್ರಿ."

"ಒಂದು ನಿಮಿಷ ಸಾಕಿತ್ತು ಚಿನ್ನ."

ಫೇ ಅವಳನ್ನು ಕೈಹಿಡಿದು ಹೊರಗೆ ಕರೆತಂದು ಕೂರಿಸಿದಳು. ಹಲಗೆಯ ಮೇಲೆ ಅಪ್ಪನ ಕೊಕ್ಕೆ ಇನ್ನೂ ಖಾಲಿ ಇತ್ತು. ಸ್ವಲ್ಪ ಹೊತ್ತಿಗೆ ಯಾರೂ ಕೇಳದೆಯೇ ತಟ್ಟೆ ಬಂತು. ಎರಡು ಮೊಟ್ಟೆ, ಮಗುಚಿರಲಿಲ್ಲ. ಹಳದಿಯ ಮೇಲೆ ತೆಳ್ಳಗೆ ಬಿಳಿ ಕವಿದಿತ್ತು, ಬೆಳಗಿನ ಕಿಟಕಿ ಗಾಜಿನ ಹಾಗೆ.

ಟ್ರೆಸಾ ಒಂದು ತುತ್ತು ಬಾಯಿಗಿಟ್ಟಳು. ಅಭ್ಯಾಸ ಬಲದಿಂದ ಕೈ ಉಪ್ಪಿನ ಡಬ್ಬಿಯ ಕಡೆಗೆ ಹೋಯಿತು. ಅಲ್ಲಿಯೇ ನಿಂತಿತು. ಹಿಂದೆ ಸುಳ್ಳರ ಮೇಜಿನಲ್ಲಿ ಮೀನು, ಜೋಳ, ಹಿಮದ ಮಾತೆಲ್ಲ ನಿಂತುಹೋಗಿತ್ತು.

"ಹೆಸರೇನೂ ಇಲ್ಲ ಅದಕ್ಕೆ" ಎಂದಳು ಫೇ. "ಆರ್ಡರ್ ಚೀಟಿಯಲ್ಲಿ ನಾವು ಡೆಲ್ ಅಂತ ಬರೀತಿದ್ವಿ. ಅಷ್ಟೆ."